ಅಮ್ಮನಿಗೆ ಮೂರನೇ ವರ್ಷದ ಸೀಟು

ಮಾರ್ಚ್ ೩

ಮರಿ,

ಫೋನ್ ಮಾಡದೆ ಪತ್ರ ಬರೆದಿದ್ದಾಳೆಂದು ಗಾಬರಿ ಬೀಳಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹೋಟೆಲಿನ ಲಾಂಡ್ರಿಯಲ್ಲಿ ಆ ದೈತ್ಯ ಯಂತ್ರಗಳ ಪಕ್ಕ ಹತ್ತೊಂಬತ್ತು ವರ್ಷ ನಿಂತೂ ನಿಂತೂ, ಫೋನಿನಲ್ಲಿ ಯಾರು ಮಾತಾಡಿದರೂ ನನಗೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ. ಹೋದ ತಿಂಗಳು ನೀನು "ಜ್ವರ ಹೋಯ್ತು" ಅಂದದ್ದು "ಜೋಡು ಹೋಯ್ತು" ಅಂತ ಕೇಳಿಸಿ ನಿಮ್ಮಪ್ಪ ಹೊಸ ಜೋಡು ಕೊಂಡು ಪಾರ್ಸೆಲ್ ಮಾಡಿಬಿಟ್ಟರು. ಹಾಗಾಗಿ ಮುಖ್ಯವಾದದ್ದೆಲ್ಲ ಇನ್ನು ಪತ್ರದಲ್ಲೇ.

ಮುಖ್ಯವಾದದ್ದು ಏನೆಂದರೆ, ಸಂಜೆ ಕಾಲೇಜಿನ ಎರಡು ವರ್ಷದ ಅಕೌಂಟೆನ್ಸಿ ಮುಗಿಯಿತು. ನಾನು ತರಗತಿಗೆ ಎರಡನೆಯವಳು. ಮೊದಲನೆಯವಳು ಬ್ಯಾಂಕಿನಲ್ಲೇ ಕೆಲಸ ಮಾಡುವವಳು, ಅವಳನ್ನು ಎಣಿಸಬಾರದು.

ಇಷ್ಟಕ್ಕೇ ಸುಮ್ಮನಾಗುತ್ತಿದ್ದೆನೇನೋ. ಆದರೆ ಹೋಟೆಲಿನ ಲೆಕ್ಕದ ಕೋಣೆಯ ಹಿರಿಯ ಗುಮಾಸ್ತರು ಇನ್ನೆರಡು ವರ್ಷಕ್ಕೆ ನಿವೃತ್ತಿ ಆಗುತ್ತಾರೆ. ಮ್ಯಾನೇಜರು ನನ್ನನ್ನು ಕರೆದು, "ಡಿಗ್ರಿ ತನ್ನಿ, ಆ ಕುರ್ಚಿ ನಿಮ್ಮದು" ಅಂದರು. ಆ ಕೋಣೆಗೆ ಕಿಟಕಿ ಇದೆ ಕಣೋ. ನಾನು ನೆಲಮಾಳಿಗೆಯಲ್ಲಿ ಕೂತು, ಹೊರಗೆ ಮಳೆ ಬಂತೋ ಇಲ್ಲವೋ ಅಂತ ಈಜುಕೊಳದ ಟವೆಲು ಎಷ್ಟು ಬಂದಿವೆ ನೋಡಿ ತಿಳಿದುಕೊಳ್ಳುವವಳು.

ಎರಡು ವರ್ಷ ಓದಿದವರನ್ನು ನೇರ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಮೂರಿವೆ. ನಮ್ಮಂಥವರನ್ನು ಟ್ರಾನ್ಸ್‌ಫರ್ ವಿದ್ಯಾರ್ಥಿ ಅನ್ನುತ್ತಾರಂತೆ. ಹಳೇ ಕಾಲೇಜಿನ ಓದಿಗೆ ಕ್ರೆಡಿಟ್ ಕೊಡುತ್ತಾರೆ. ಕ್ರೆಡಿಟ್ ಅಂದರೆ ಲೆಕ್ಕದ ಪುಸ್ತಕದ ಬಲಗಡೆ ಬರೆಯುವುದು ಅಂತ ಎರಡು ವರ್ಷ ಉರು ಹೊಡೆದಿದ್ದೇನೆ, ಈಗ ನೋಡಿದರೆ ನನ್ನ ಹತ್ತಿರವೇ ಅರವತ್ತು ಇವೆಯಂತೆ, ಎಡವೂ ಇಲ್ಲ ಬಲವೂ ಇಲ್ಲ.

ಮೂರರಲ್ಲಿ ಒಂದನ್ನು ಆಗಲೇ ಬಿಟ್ಟೆ. ಅವರ ಪುಸ್ತಿಕೆಯಲ್ಲಿ ಮಕ್ಕಳೆಲ್ಲ ಹುಲ್ಲಿನ ಮೇಲೆ ಮಲಗಿ ಲ್ಯಾಪ್‌ಟಾಪ್ ನೋಡುತ್ತಾ ನಗುತ್ತಿದ್ದಾರೆ. ಮಲಗಿಕೊಂಡು ಲೆಕ್ಕ ಮಾಡುವವರನ್ನು ನಾನು ನಂಬುವುದಿಲ್ಲ. ಉಳಿದದ್ದು ಎರಡು. ಒಂದು, ನಮ್ಮ ಮನೆಯಿಂದ ಸೇತುವೆ ದಾಟಿದರೆ ಸಿಗುವುದು. ಇನ್ನೊಂದು, ಎರಡೂವರೆ ಗಂಟೆ ರೈಲಿನಲ್ಲಿ ಕೂತರೆ ಸಿಗುವ ಗಡಿಯಾರದ ಗೋಪುರದ್ದು, ಅಂದರೆ ನಿನ್ನದು. ನೀನು ಅಲ್ಲೇ ಓದಿ ಅಲ್ಲೇ ಪಾಠ ಮಾಡುತ್ತಿರುವವನು. ಗಂಟೆ ಹೊಡೆದರೂ ನಿನ್ನ ವಿದ್ಯಾರ್ಥಿಗಳು ಎದ್ದು ಹೋಗುವುದಿಲ್ಲ ಅಂತ ಬರೆದಿದ್ದೆಯಲ್ಲ, ಆ ಪತ್ರವನ್ನು ಲಾಂಡ್ರಿಯ ಗೋಡೆಗೆ ಅಂಟಿಸಿದ್ದೇನೆ. ನಿನ್ನ ಅಭಿಪ್ರಾಯ ಹೇಳು.

ನಿನ್ನ ಅಮ್ಮ

ಅಪ್ಪ ಬರೆಯುವುದು: ಜೋಡು ಸರಿ ಹೋಯಿತೇ?


ಮಾರ್ಚ್ ೧೧

ಅಮ್ಮಾ,

ಪತ್ರ ನೋಡಿ ತುಂಬಾ ಖುಷಿಯಾಯಿತು. ನನ್ನ ರೂಮಿನಲ್ಲಿರುವ ಪ್ರಾಣಿಶಾಸ್ತ್ರದವನಿಗೂ ಓದಿ ಹೇಳಿದೆ. ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ.

ಇನ್ನು ನಮ್ಮ ವಿಶ್ವವಿದ್ಯಾಲಯದ ವಿಷಯ. ಮಗನಾಗಿ ಹೇಳುತ್ತಿಲ್ಲ, ಇಲ್ಲಿ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ. ಬೇಡ. ನಮ್ಮ ಲೆಕ್ಕಶಾಸ್ತ್ರ ವಿಭಾಗ ಇರುವುದು ನಾಲ್ಕನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟು ಯಾವ ಕಾಲವಾಯಿತೋ. ನಿನ್ನ ಮೊಣಕಾಲು ಏನಾಗಬೇಕು? ಕ್ಯಾಂಟೀನಿನ ಟೀ ಕುಡಿದವರು ಎರಡನೇ ಸಲ ಕುಡಿಯುವುದಿಲ್ಲ. ಗೋಪುರದ ಗಡಿಯಾರ ಹನ್ನೆರಡು ನಿಮಿಷ ಹಿಂದಿದೆ, ಟೈಮಿಗೆ ಸರಿಯಾಗಿ ಬರುವ ನಿನ್ನಂಥವಳಿಗೆ ಅದನ್ನು ದಿನಾ ನೋಡುವುದೇ ಹಿಂಸೆ. ಪಾರಿವಾಳದ ಕಾಟ ಬೇರೆ. ಹಿರಿಯ ಪ್ರೊಫೆಸರುಗಳು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಸೇತುವೆ ಆಚೆಯದೇ ಒಳ್ಳೆಯದು. ಮನೆಗೆ ಹತ್ತಿರ. ಊಟಕ್ಕೆ ಮನೆಗೇ ಬರಬಹುದು. ಅಪ್ಪನೂ ಒಬ್ಬರೇ ಆಗುವುದಿಲ್ಲ.

ನಿನ್ನ ಮರಿ

ಅಪ್ಪನಿಗೆ: ಜೋಡು ಒಂದು ಅಳತೆ ದೊಡ್ಡದು. ದಪ್ಪ ಸಾಕ್ಸ್ ಹಾಕಿ ನಡೆಸುತ್ತಿದ್ದೇನೆ.


ಮಾರ್ಚ್ ೨೩

ಮರಿ,

ನೀನು ಇಷ್ಟು ವಿವರವಾಗಿ ಬರೆದದ್ದು ನೋಡಿ, ನಾನೂ ವಿವರವಾಗಿ ವಿಚಾರಿಸಿದೆ.

ಮೊದಲು ಸೇತುವೆ ಆಚೆಯದಕ್ಕೆ ಹೋದೆ. ಟ್ರಾನ್ಸ್‌ಫರ್ ಕಿಟಕಿಯಲ್ಲಿ ಕೂತಿದ್ದವನು ನನ್ನ ಅಂಕಪಟ್ಟಿಯನ್ನು ತಿರುಗಿಸಿಯೂ ನೋಡದೆ ಅರವತ್ತಕ್ಕೆ ಅರವತ್ತೂ ಕ್ರೆಡಿಟ್ ಒಪ್ಪಿ ಮುದ್ರೆ ಒತ್ತಿದ. ನನಗೆ ಅಲ್ಲೇ ಅನುಮಾನ ಬಂತು. ಕಲೆ ಇದೆಯೋ ಇಲ್ಲವೋ ನೋಡದೆ ಬೆಡ್‌ಶೀಟು ಪಾಸು ಮಾಡುವವರನ್ನು ನಾನು ಒಂದು ವಾರವೂ ಇಟ್ಟುಕೊಂಡವಳಲ್ಲ. "ಆಡಿಟಿಂಗ್ ಪೇಪರ್ ಇದೆಯಾ?" ಅಂತ ಕೇಳಿದೆ. "ಅದೆಲ್ಲ ಯಾಕೆ ಮೇಡಂ, ಕಷ್ಟ" ಅಂದ. ಕ್ಲಾಸು ದಿನಾ ಬೆಳಿಗ್ಗೆ ಒಂಬತ್ತಕ್ಕೆ. ಒಂಬತ್ತಕ್ಕೆ ಸರಿಯಾಗಿ ಮೇಲಿನ ಆರು ಮಹಡಿಯ ಹಾಸಿಗೆ ಬಟ್ಟೆ ಕೆಳಗೆ ಬರುತ್ತೆ.

ಆಮೇಲೆ ನಿಮ್ಮ ಗಡಿಯಾರದವರಿಗೆ ಕಾಗದ ಬರೆದೆ. ಅಲ್ಲಿನ ಟ್ರಾನ್ಸ್‌ಫರ್ ಆಫೀಸಿನ ಮೇಡಂ ನಾಲ್ಕು ಪುಟದ ಉತ್ತರ ಕಳಿಸಿದ್ದಾರೆ. ನನ್ನ ಒಂದೊಂದು ಪೇಪರಿನ ಪಾಠಪಟ್ಟಿಯನ್ನೂ ಅವರದರ ಜೊತೆ ಇಟ್ಟು ನೋಡಿದ್ದಾರೆ. ಐವತ್ತನಾಲ್ಕು ಕ್ರೆಡಿಟ್ ಒಪ್ಪಿ, ಆರನ್ನು ತಳ್ಳಿಹಾಕಿದ್ದಾರೆ. ಯಾಕೆ ಅಂತ ಅರ್ಧ ಪುಟ ಕಾರಣ ಬರೆದಿದ್ದಾರೆ. ಆ ಕಾರಣ ಓದಿ ನನಗೆ ಆ ಹೆಂಗಸಿನ ಮೇಲೆ ಪ್ರೀತಿಯೇ ಬಂತು. ಕೆಲಸದಲ್ಲಿರುವವರಿಗೆ ಶುಕ್ರವಾರ, ಶನಿವಾರ ಎರಡೇ ದಿನ ಕ್ಲಾಸು. ನನ್ನ ಭಾನುವಾರದ ರಜೆ ಬಿಟ್ಟುಕೊಟ್ಟರೆ ಆ ಎರಡು ದಿನ ಕೊಡುತ್ತೇನೆ ಅಂತ ಮ್ಯಾನೇಜರು ಒಪ್ಪಿದ್ದಾರೆ. ಆಡಿಟಿಂಗ್ ಎರಡು ಪೇಪರ್ ಇದೆ.

ಅಂದಹಾಗೆ, ನಿಮ್ಮ ಲಿಫ್ಟ್ ರಿಪೇರಿಯಾಗಿ ಒಂದು ವರ್ಷವಾಯಿತಂತೆ. ನಿನಗೆ ಯಾರೂ ಹೇಳಿಲ್ಲವೇನೋ. ಪಾಪ, ದಿನಾ ನಾಲ್ಕು ಮಹಡಿ ಹತ್ತುತ್ತಿದ್ದೀಯ, ಅದೂ ಒಂದು ಅಳತೆ ದೊಡ್ಡ ಜೋಡು ಹಾಕಿಕೊಂಡು.

ಒಳ್ಳೆಯ ಸುದ್ದಿ ಕೊನೆಗಿಟ್ಟಿದ್ದೇನೆ. ತಳ್ಳಿಹಾಕಿದ ಆ ಆರು ಕ್ರೆಡಿಟ್ "ಮಧ್ಯಮ ಲೆಕ್ಕಶಾಸ್ತ್ರ, ಭಾಗ ಎರಡು" ಅನ್ನುವ ಪೇಪರಿನದು. ಅದನ್ನು ನಾನು ಮತ್ತೆ ಓದಬೇಕು. ಶನಿವಾರ ಹತ್ತು ಗಂಟೆಗೆ, ಕೋಣೆ ೪೧೨. ಪಾಠ ಮಾಡುವವರ ಹೆಸರಿನ ಜಾಗದಲ್ಲಿ ನಿನ್ನ ಹೆಸರಿದೆ. ನಾನು ಆ ಪುಟ ಹಿಡಿದು ಲಾಂಡ್ರಿಯಲ್ಲಿ ಎಲ್ಲರಿಗೂ ತೋರಿಸಿದೆ. ಇಸ್ತ್ರಿಯವಳಂತೂ ಒಂದು ದಿಂಬಿನ ಚೀಲ ಸುಟ್ಟಳು.

ನಿನ್ನ ಅಮ್ಮ

ಅಪ್ಪ ಬರೆಯುವುದು: ಬಿಲ್ಲು ಇಟ್ಟಿದ್ದೇನೆ. ಜೋಡು ವಾಪಸ್ ಕಳಿಸು.


ಮಾರ್ಚ್ ೩೦

ಅಮ್ಮಾ,

ಅವಸರ ಮಾಡಬೇಡ. ತಾಯಿ ಮಗನ ತರಗತಿಯಲ್ಲಿ ಕೂರಲು ಇಲ್ಲಿ ನಿಯಮದ ಪ್ರಕಾರ ಅವಕಾಶವಿಲ್ಲ. ನಾನು ನಿನ್ನ ಪತ್ರಿಕೆ ತಿದ್ದಿದರೆ ನಾಳೆ ಯಾರಾದರೂ ಬೆರಳು ತೋರಿಸುತ್ತಾರೆ.

ಮತ್ತೆ ಆ ತರಗತಿಯಲ್ಲಿ ಇರುವವರೆಲ್ಲ ಇಪ್ಪತ್ತರ ಆಸುಪಾಸಿನವರು. ಗಲಾಟೆ ಜಾಸ್ತಿ. ನಾನು ಬಾಯಿ ತೆರೆದರೆ ಪ್ರಶ್ನೆಗಳ ಸುರಿಮಳೆ, ನಿನ್ನಂಥವಳಿಗೆ ಒಂದು ಮಾತೂ ಕೇಳಿಸುವುದಿಲ್ಲ. ನಿನ್ನ ಕಿವಿ ಬೇರೆ ಹಾಗಿದೆ.

ಸೇತುವೆಯವರು ಅರವತ್ತೂ ಒಪ್ಪಿದ್ದಾರೆ. ಒಪ್ಪಿದವರನ್ನು ಬಿಟ್ಟು ತಳ್ಳಿಹಾಕಿದವರ ಹಿಂದೆ ಹೋಗುವುದು ಯಾವ ಲೆಕ್ಕಶಾಸ್ತ್ರ?

ನಿನ್ನ ಮರಿ


ಏಪ್ರಿಲ್ ೭

ಮರಿ,

ಟ್ರಾನ್ಸ್‌ಫರ್ ಆಫೀಸಿನ ಮೇಡಂಗೆ ಆ ನಿಯಮದ ಬಗ್ಗೆ ಕೇಳಿದೆ. ಹಾಗೊಂದು ನಿಯಮ ಇಲ್ಲವಂತೆ. ಸಂಬಂಧಿಕರ ಪತ್ರಿಕೆಯನ್ನು ಬೇರೆ ಅಧ್ಯಾಪಕರು ತಿದ್ದುತ್ತಾರೆ, ಅಷ್ಟೇ.

ಲಿಫ್ಟಿನ ವಿಷಯಕ್ಕೆ ನಾನು ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ನೆಲಮಾಳಿಗೆಯಲ್ಲಿ ಒಗೆಯುವವಳು ನಿನ್ನ ವಿದ್ಯಾರ್ಥಿಗಳ ನಡುವೆ ಕೂರುವುದು ನಿನಗೆ ನಾಚಿಕೆಯಾದರೆ, ಗಡಿಯಾರ, ಪಾರಿವಾಳ, ಟೀ ಯಾಕೆ ಬೇಕಿತ್ತು. ಒಂದೇ ಸಾಲಿನಲ್ಲಿ ಬರೆದಿದ್ದರೆ ಸಾಕಿತ್ತು.

ನಾನು ಸೇತುವೆಯದಕ್ಕೇ ಸೇರುತ್ತೇನೆ. ಮಧ್ಯಾಹ್ನದ ಪಾಳಿ ಕೇಳಿಕೊಳ್ಳುತ್ತೇನೆ. ಹಣ ಕಟ್ಟಲು ಮೇ ಮೂವತ್ತೊಂದರವರೆಗೆ ಸಮಯ ಇದೆ.

ಅಮ್ಮ

ಅಪ್ಪ ಬರೆಯುವುದು: ಏನಪ್ಪಾ ಇದು.


ಏಪ್ರಿಲ್ ೧೧

ಅಮ್ಮಾ,

ನಿನ್ನ ಬಗ್ಗೆ ನಾಚಿಕೆ ಅಲ್ಲ. ಆಣೆ ಬೇಕಾದರೂ ಮಾಡುತ್ತೇನೆ. ಬೇರೆ ಕಾರಣ ಇದೆ. ಬರೆಯಲು ಕೂತೆ, ನಾಲ್ಕು ಹಾಳೆ ಹರಿದು ಹಾಕಿದೆ. ಸದ್ಯಕ್ಕೆ ಇಷ್ಟೇ ನಂಬು.

ನಿನ್ನ ಮರಿ


ಏಪ್ರಿಲ್ ೨೪

ಮರಿ,

ಮೊದಲು ಒಂದು ತಪ್ಪೊಪ್ಪಿಗೆ. ಹೋದ ಶನಿವಾರ ನಾನು ನಿಮ್ಮಲ್ಲಿಗೆ ಬಂದಿದ್ದೆ.

ನಿನ್ನನ್ನು ಹಿಡಿಯಬೇಕೆಂದು ಬಂದದ್ದಲ್ಲ. ಟ್ರಾನ್ಸ್‌ಫರ್ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ತೋರಿಸುವ ದಿನ ಅಂತ ಆ ಮೇಡಂ ಕರೆದಿದ್ದರು. ಹೇಗೂ ಸೇರುವುದಿಲ್ಲ, ಆ ನಾಲ್ಕು ಪುಟ ಬರೆದ ಪುಣ್ಯಾತ್ಗಿತ್ತಿಯ ಮುಖವಾದರೂ ನೋಡಿ ಬರೋಣ ಅಂದುಕೊಂಡೆ. ಸಣ್ಣಗೆ, ಕುಳ್ಳಗೆ ಇದ್ದಾರೆ. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದಾರೆ. ನಮ್ಮನ್ನೆಲ್ಲ ಲೈಬ್ರರಿ, ಪರೀಕ್ಷೆ ಕೋಣೆ ಅಂತ ಸುತ್ತಿಸಿ, "ಈಗ ನಿಮಗೆ ಬೇಕಾದ ತರಗತಿಯಲ್ಲಿ ಕೂತು ನೋಡಿ, ಯಾರೂ ಏನೂ ಕೇಳುವುದಿಲ್ಲ" ಅಂದರು. ಆಗ ಸರಿಯಾಗಿ ಹತ್ತು ಗಂಟೆ. ಗಡಿಯಾರದಲ್ಲಿ ಹತ್ತಕ್ಕೆ ಹನ್ನೆರಡು ನಿಮಿಷ ಕಡಿಮೆ. ಅದೊಂದು ನೀನು ನಿಜ ಹೇಳಿದ್ದೆ.

ಕಾಲು ತಾನಾಗಿ ೪೧೨ಕ್ಕೆ ಹೋಯಿತು. ಹಿಂಬಾಗಿಲಿನಿಂದ ಒಳಗೆ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ನೀನು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದೆ. ಈಗ ತಿರುಗುತ್ತಾನೆ, ಈಗ ನೋಡುತ್ತಾನೆ ಅಂತ ಸೆರಗನ್ನು ಮುಖದ ತನಕ ಎಳೆದುಕೊಂಡು ಕೂತಿದ್ದೆ. ಐದು ನಿಮಿಷ ಆಯಿತು. ಹತ್ತು ಆಯಿತು. ಆಮೇಲೆ ಸೆರಗು ಬಿಟ್ಟೆ. ಐವತ್ತು ನಿಮಿಷದಲ್ಲಿ ನೀನು ಒಂದು ಸಲವೂ ತಿರುಗಲಿಲ್ಲ ಮರಿ. ನಿನ್ನ ಅಂಗಿಯ ಬೆನ್ನಿನ ಇಸ್ತ್ರಿ ಸರಿಯಿಲ್ಲ ಅನ್ನುವುದನ್ನು ನಾನು ಚೆನ್ನಾಗಿ ನೋಡಿಕೊಂಡೆ.

ನನ್ನ ಪಕ್ಕದ ಹುಡುಗಿ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಎಡಗೈ ಮುಗಿಸಿ ಬಲಗೈಗೆ ಬಂದಾಗ ಕಷ್ಟವಾಯಿತು, ನಾನೇ ಹಚ್ಚಿಕೊಟ್ಟೆ. ಮುಂದಿನ ಸಾಲಿನಲ್ಲಿ ಮೂವರು ನಿದ್ದೆ. ಒಬ್ಬ ಎದ್ದು ಹೋಗಿ ಟೀ ಕುಡಿದು ಬಂದ. "ಇವರು ದಿನಾ ಹೀಗೇನಾ?" ಅಂತ ಅವಳನ್ನು ಕೇಳಿದೆ. "ಬೆನ್ನು ಸರ್ ಅಲ್ವಾ ಆಂಟಿ, ಯಾವಾಗಲೂ ಹೀಗೇ" ಅಂದಳು. "ಗಂಟೆ ಹೊಡೆದರೂ ಯಾರೂ ಏಳಲ್ವಂತೆ?" ಅಂದೆ. "ಎದ್ದಿರೋರು ಹೋಗ್ತಾರೆ. ಮಲಗಿರೋರಿಗೆ ಗಂಟೆ ಕೇಳಿಸಲ್ಲ" ಅಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದು ಕೆಮ್ಮಾಯಿತು. ಆ ಕೆಮ್ಮಿಗೂ ನೀನು ತಿರುಗಲಿಲ್ಲ.

ಆದರೆ ಮರಿ, ಅಲ್ಲಿ ಕೂತಾಗ ನನ್ನ ಎದೆಯ ಮೇಲಿನ ಒಂದು ಮೂಟೆ ಇಳಿಯಿತು. ಇವನಿಗೆ ನಾಚಿಕೆ ಆಗಿರುವುದು ನನ್ನ ಬಗ್ಗೆ ಅಲ್ಲ ಅಂತ ಗೊತ್ತಾಯಿತು. ಅಷ್ಟು ತಿಳಿದರೆ ನನಗೆ ಸಾಕು.

ಒಂದು ಮಾತು ಹೇಳುತ್ತೇನೆ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ನನ್ನನ್ನು ಲಾಂಡ್ರಿಯ ಮೇಲ್ವಿಚಾರಕಿ ಮಾಡಿದಾಗ ಹದಿನಾಲ್ಕು ಜನ, ಎಲ್ಲರೂ ನನಗಿಂತ ಹಳಬರು. ಅವರ ಮುಖ ನೋಡಿ ಕೆಲಸ ಹೇಳಲು ಧೈರ್ಯ ಸಾಲದೆ ಮೂರು ತಿಂಗಳು ನಾನು ಒಗೆಯುವ ಯಂತ್ರದ ಕಡೆ ತಿರುಗಿ ಹೇಳುತ್ತಿದ್ದೆ. "ಇವತ್ತು ಟವೆಲು ಮೊದಲು ಆಗಬೇಕು" ಅಂತ ಯಂತ್ರಕ್ಕೆ ಹೇಳುವುದು, ಯಾರಾದರೂ ಕೇಳಿಸಿಕೊಂಡರೆ ನನ್ನ ಅದೃಷ್ಟ. ಒಂದು ದಿನ ಇಸ್ತ್ರಿಯವಳು, "ಅಮ್ಮಣ್ಣಿ, ಅದಕ್ಕೆ ಕಿವಿ ಇಲ್ಲ, ನಮಗಿದೆ" ಅಂದಳು. ನಾಲ್ಕು ದಿನ ಅವಳ ಮೇಲೆ ಕೋಪ ಮಾಡಿಕೊಂಡಿದ್ದೆ. ನೀನು ನನ್ನ ಮೇಲೆ ಎಷ್ಟು ದಿನ ಮಾಡಿಕೊಳ್ಳುತ್ತೀಯೋ ಮಾಡಿಕೋ.

ಪಾಠ ಮಾತ್ರ ಸರಿಯಾಗಿಯೇ ಇತ್ತು. ಸಂಜೆ ಕಾಲೇಜಿನಲ್ಲಿ ಅರ್ಥವಾಗದಿದ್ದ ಎರಡು ವಿಷಯ ಅರ್ಥವಾಯಿತು. ಆದರೆ ಯಂತ್ರದ ಸವಕಳಿ ಲೆಕ್ಕದ ನಾಲ್ಕನೇ ಸಾಲಿನಲ್ಲಿ ಗುಜರಿ ಬೆಲೆ ಕಳೆಯುವುದನ್ನು ನೀನು ಮರೆತೆ. ಕೂಗಿ ಹೇಳೋಣ ಅನ್ನಿಸಿತು, ತುಟಿ ಕಚ್ಚಿಕೊಂಡೆ. ಯಂತ್ರ ಹಳತಾದ ಮೇಲೂ ಯಾರೋ ಒಬ್ಬರು ಏನಾದರೂ ಕೊಟ್ಟು ಒಯ್ಯುತ್ತಾರೆ ಕಣೋ, ಅದನ್ನು ಬಿಡಬಾರದು.

ನಿನ್ನನ್ನು ಮಾತಾಡಿಸದೆ ಮೂರರ ರೈಲು ಹತ್ತಿದೆ. ಕ್ಯಾಂಟೀನಿನ ಟೀ ಕುಡಿದೆ. ಚೆನ್ನಾಗಿದೆ.

ನಿನ್ನ ಅಮ್ಮ


ಮೇ ೧೩

ಮಗನೇ,

ನಾನು ಪತ್ರ ಬರೆಯುವವನಲ್ಲ, ನಿನಗೆ ಗೊತ್ತು. ಅಮ್ಮನ ಪತ್ರ ಹೋಗಿ ಮೂರು ವಾರವಾಯಿತು, ನಿನ್ನ ಉತ್ತರ ಇಲ್ಲ. ಅವಳು ದಿನಾ ಕೆಲಸದಿಂದ ಬಂದವಳು ಕೈ ತೊಳೆಯುವ ಮೊದಲು ಅಂಚೆ ಡಬ್ಬ ನೋಡುತ್ತಾಳೆ. ನೋಡಲಿಲ್ಲ ಅನ್ನುವ ಹಾಗೆ ನೋಡುತ್ತಾಳೆ. ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಕನ್ನಡಿ ನೋಡುವವರನ್ನು ನೋಡಿದ್ದೇನೆ, ನನಗೆ ತಿಳಿಯುತ್ತೆ.

ಅವಳು ಅಲ್ಲಿ ಏನು ಕಂಡಳು ಅಂತ ನನಗೆ ಹೇಳಿಲ್ಲ. "ಅವನ ಪಾಠ ಚೆನ್ನಾಗಿದೆ" ಅಂದಳು ಅಷ್ಟೆ. ಅವಳು ಅಷ್ಟು ಚಿಕ್ಕದಾಗಿ ಹೊಗಳಿದ್ದನ್ನು ನಾನು ಕೇಳಿಯೇ ಇಲ್ಲ, ಹಾಗಾಗಿ ಏನೋ ಆಗಿದೆ.

ಏನೇ ಆಗಿರಲಿ. ಮೊದಲ ವಾರ ಎಲ್ಲರೂ ಗೇರಿನ ಕೋಲನ್ನೇ ನೋಡುತ್ತಾ ಗಾಡಿ ಓಡಿಸುತ್ತಾರೆ. ನಾನು ಬೈಯುವುದಿಲ್ಲ. ಎದುರಿಗೆ ನಾಯಿ ಬಂತು ಅನ್ನುತ್ತೇನೆ, ತಲೆ ಎತ್ತುತ್ತಾರೆ. ನಾಯಿ ಇರುವುದಿಲ್ಲ.

ಇದು ನನ್ನ ಜೀವನದ ಅತಿ ಉದ್ದದ ಪತ್ರ. ಇನ್ನೊಂದು ಬರೆಸಬೇಡ.

ಅಪ್ಪ


ಮೇ ೧೭

ಅಮ್ಮಾ,

ಕೋಪ ಮಾಡಿಕೊಂಡಿರಲಿಲ್ಲ. ಮೊದಲ ಎರಡು ದಿನ ಮಾಡಿಕೊಂಡಿದ್ದೆ. ಆಮೇಲೆ ಪತ್ರವನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ. ಅದು ಪ್ಯಾಂಟಿನ ಜೊತೆ ಒಗೆತಕ್ಕೂ ಹೋಗಿ ಬಂತು. ನೀನು ಕೇಳಿದರೆ ಬೈಯುತ್ತೀಯ, ಜೇಬು ನೋಡದೆ ಬಟ್ಟೆ ಹಾಕುವವರ ಬಗ್ಗೆ ನಿನಗಿರುವ ಸಿಟ್ಟು ನನಗೆ ಗೊತ್ತು.

ಎಲ್ಲ ಹೇಳಿಬಿಡುತ್ತೇನೆ. ಮೊದಲ ದಿನ ನಾನು ತರಗತಿಗೆ ಹೋದಾಗ ಎಪ್ಪತ್ತು ಮುಖ ನನ್ನನ್ನೇ ನೋಡುತ್ತಿದ್ದವು. ಹೆಸರು ಬರೆಯೋಣವೆಂದು ಬೋರ್ಡಿನ ಕಡೆ ತಿರುಗಿದೆ. ಆ ಕಡೆ ತಂಪಾಗಿತ್ತು ಅಮ್ಮಾ. ತಿರುಗಲು ಮನಸ್ಸೇ ಬರಲಿಲ್ಲ. ಹಾಗೇ ಎರಡು ವರ್ಷ ಆಯಿತು. ವರ್ಷದ ಕೊನೆಗೆ ವಿದ್ಯಾರ್ಥಿಗಳು ಅಧ್ಯಾಪಕರ ಬಗ್ಗೆ ಚೀಟಿಯಲ್ಲಿ ಬರೆಯುತ್ತಾರೆ, ಹೆಸರು ಹಾಕುವ ಹಾಗಿಲ್ಲ. ಒಬ್ಬರು ಬರೆದಿದ್ದರು: "ಬೋರ್ಡಿಗೆ ವಿಷಯ ಚೆನ್ನಾಗಿ ಅರ್ಥವಾಗಿದೆ." ವಿಭಾಗದ ಮುಖ್ಯಸ್ಥರು ಅದನ್ನು ನನ್ನ ಮುಂದೆ ಇಟ್ಟು, "ಇನ್ನೊಂದು ಅರ್ಧವರ್ಷ ನೋಡ್ತೀನಿ. ಆಮೇಲೆ ನನ್ನನ್ನು ಕೇಳಬೇಡಿ" ಅಂದರು. ಅದಾಗಿ ಒಂದು ವಾರಕ್ಕೆ ನಿನ್ನ ಮೊದಲ ಪತ್ರ ಬಂತು. ಎಲ್ಲ ಬಿಟ್ಟು ೪೧೨ಕ್ಕೇ ಬರುತ್ತೇನೆ ಅಂದರೆ ನಾನೇನು ಮಾಡಲಿ?

ನಿನ್ನ ಪತ್ರ ಬಂದ ಮೇಲಿನ ಶನಿವಾರ ತರಗತಿಗೆ ಹೋದೆ. ಸವಕಳಿಯ ಲೆಕ್ಕವನ್ನೇ ಮತ್ತೆ ಬರೆದೆ, ತಪ್ಪಿನ ಸಮೇತ. ಆಮೇಲೆ ಕಣ್ಣು ಮುಚ್ಚಿಕೊಂಡು ತಿರುಗಿದೆ. ಕಣ್ಣು ಬಿಟ್ಟಾಗ ಮುಂದಿನ ಸಾಲಿನವನೊಬ್ಬ ಬೆಚ್ಚಿ ನೀರಿನ ಬಾಟಲಿ ಬೀಳಿಸಿದ. "ಇದರಲ್ಲಿ ಒಂದು ತಪ್ಪಿದೆ. ಹೋದ ವಾರ ನಾನೇ ಮಾಡಿದ್ದು. ಹುಡುಕಿ" ಅಂದೆ. ದನಿ ಕೀಚಲಾಗಿತ್ತು. ಮಲಗಿದ್ದವರನ್ನು ಪಕ್ಕದವರು ತಿವಿದು ಎಬ್ಬಿಸಿದರು, ಸರ್‌ಗೆ ಮುಖ ಇದೆ ನೋಡು ಅನ್ನುವ ಹಾಗೆ. ಗುಜರಿ ಬೆಲೆಯನ್ನು ಹಿಡಿದದ್ದು ನಿನ್ನ ಉಗುರುಬಣ್ಣದ ಹುಡುಗಿ. ಇನ್ನೊಬ್ಬ ಎದ್ದು, "ಸರ್, ಏಳನೇ ಸಾಲೂ ತಪ್ಪು" ಅಂದ. ನೋಡಿದರೆ ಹೌದು. ಅದು ನಿನಗೂ ಕಂಡಿರಲಿಲ್ಲ.

ಪ್ರತಿ ವಾರವೂ ತಿರುಗುತ್ತೇನೆ ಅಂತ ಹೇಳಲಾರೆ. ಹೋದ ವಾರ ಅರ್ಧ ಗಂಟೆ ಮತ್ತೆ ಬೋರ್ಡಿಗೇ ಅಂಟಿಕೊಂಡಿದ್ದೆ.

ಹಣ ಕಟ್ಟಲು ಇನ್ನು ಹದಿನಾಲ್ಕು ದಿನ ಇದೆ. ನೀನು ಎಲ್ಲಿಗೆ ಸೇರುತ್ತೀಯ ಅಂತ ನಾನು ಹೇಳುವುದಿಲ್ಲ. ಹೇಳುವ ಯೋಗ್ಯತೆ ಕಳೆದುಕೊಂಡಿದ್ದೇನೆ. ಆದರೆ ಲಿಫ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ.

ನಿನ್ನ ಮರಿ

ಅಪ್ಪನಿಗೆ: ನಾಯಿ ಬಂತು.


ಮೇ ೨೮

ಮರಿ,

ಗಡಿಯಾರದವರಿಗೆ ಹಣ ಕಟ್ಟಿದೆ. ರಸೀದಿ ಕೈಯಲ್ಲಿದೆ.

ನಿನ್ನನ್ನು ಉದ್ಧಾರ ಮಾಡಲು ಬರುತ್ತಿದ್ದೇನೆ ಅಂತ ತಿಳಿಯಬೇಡ. ಆಡಿಟಿಂಗ್ ಎರಡು ಪೇಪರ್ ಇರುವುದು ಅಲ್ಲೇ. ಆರು ಕ್ರೆಡಿಟ್ ತಳ್ಳಿಹಾಕುವಷ್ಟು ನಿಯತ್ತು ಇರುವುದೂ ಅಲ್ಲೇ. ಹೋಟೆಲಿನ ಆ ಕುರ್ಚಿಯಲ್ಲಿ ಕೂತ ಮೇಲೆ ಯಾರೂ ನನ್ನನ್ನು ನೋಡಿ, ಇವಳಿಗೆ ಹೇಗೋ ಡಿಗ್ರಿ ಸಿಕ್ಕಿತು ಅನ್ನಬಾರದು. ನಿನ್ನ ಪೇಪರನ್ನು ಬೇರೆ ಅರ್ಧವರ್ಷಕ್ಕೆ ಹಾಕಿಕೊಳ್ಳಬಹುದು ಅಂತ ಆ ಮೇಡಂ ಹೇಳಿದರು. ಬೇಡ, ಮೊದಲೇ ಮುಗಿಸುತ್ತೇನೆ ಅಂದೆ. ನನ್ನ ಪತ್ರಿಕೆಗಳನ್ನು ಅವರ ಗಂಡ ತಿದ್ದುತ್ತಾರಂತೆ. ನಿಮ್ಮ ವಿಭಾಗದಲ್ಲೇ ಇದ್ದಾರಂತಲ್ಲ, ಯಾರ ಮುಖವನ್ನೂ ನೋಡದ ಪ್ರೊಫೆಸರುಗಳಲ್ಲಿ ಒಬ್ಬರು.

ಏಳನೇ ಸಾಲು ನನಗೆ ಕಂಡಿತ್ತು. ಒಂದೇ ದಿನಕ್ಕೆ ಎರಡು ಬೇಡ ಅಂತ ಬಿಟ್ಟಿದ್ದೆ.

ಶುಕ್ರವಾರದ ಮಟ್ಟಿಗೆ ಉಳಿಯಲು ಆ ಊರಿನಲ್ಲಿ ಒಂದು ಕೋಣೆ ನೋಡು. ನಿನ್ನ ರೂಮಿನಲ್ಲಿ ಬೇಡ, ಪ್ರಾಣಿಶಾಸ್ತ್ರದವನು ಮೇಜಿನ ಮೇಲೆ ಏನೇನು ಇಟ್ಟುಕೊಂಡಿರುತ್ತಾನೋ.

ನಿನ್ನ ಅಮ್ಮ

ಅಪ್ಪ ಬರೆಯುವುದು: ಶುಕ್ರವಾರ ಶನಿವಾರ ನಾನೇ ಅಡುಗೆ ಮಾಡಿಕೊಳ್ಳುತ್ತೇನೆ. ಮೊಟ್ಟೆ ಎಷ್ಟು ಹೊತ್ತು ಬೇಯಿಸಬೇಕು ಅಂತ ಅಮ್ಮನಿಗೆ ಗೊತ್ತಾಗದ ಹಾಗೆ ಬರೆದು ಕಳಿಸು.


ಆಗಸ್ಟ್ ೨೭

ಅಮ್ಮಾ,

ಕೋಣೆ ಗೊತ್ತಾಯಿತು. ನಿವೃತ್ತ ದಾದಿಯೊಬ್ಬರ ಮನೆಯ ಮಹಡಿ, ಸ್ಟೇಷನ್ನಿನಿಂದ ಹತ್ತು ನಿಮಿಷ. ಕಿಟಕಿ ಎರಡಿವೆ.

ಶನಿವಾರದ ಪಾಠವನ್ನು ಗೋಡೆಯ ಮುಂದೆ ನಿಂತು ನಾಲ್ಕು ಸಲ ಮಾಡಿ ನೋಡಿದೆ. ಗೋಡೆಯ ಮುಂದೆ ಯಾಕೆ ಮಾಡ್ತೀಯ, ನನ್ನ ಮುಂದೆ ಮಾಡು ಅಂತ ಪ್ರಾಣಿಶಾಸ್ತ್ರದವನು ಕುರ್ಚಿ ಹಾಕಿಕೊಂಡು ಕೂತ. ಈಗ ಅವನಿಗೆ ಲೆಕ್ಕದ ತಾಳೆಪಟ್ಟಿ ಬರೆಯಲು ಬರುತ್ತದೆ.

ಅಂಗಿಯ ಬೆನ್ನಿಗೂ ಇಸ್ತ್ರಿ ಹಾಕಿದ್ದೇನೆ.

ನಿನ್ನ ಮರಿ


ಸೆಪ್ಟೆಂಬರ್ ೨೦

ಮರಿ,

ಒಂದೇ ಊರಿನಲ್ಲಿ ಇವತ್ತು ಇಡೀ ದಿನ ಇದ್ದೆವು, ಒಟ್ಟಿಗೇ ಟೀ ಕುಡಿದೆವು, ಆದರೂ ಇದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. ಅದಕ್ಕೇ ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ಅದು ಹಳಿಯ ತಪ್ಪು.

ಮೂರು ಶನಿವಾರ ನಾನು ತರಗತಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಪಕ್ಕದವಳು ಕೇಳಿದರೆ ಹೋಟೆಲಿನಲ್ಲಿ ಕೆಲಸ ಅಂತ ಮಾತ್ರ ಹೇಳಿದ್ದೆ. ನಮ್ಮ ಸಂಬಂಧ ಆ ಎಪ್ಪತ್ತು ಜನರಲ್ಲಿ ಯಾರಿಗೂ ಗೊತ್ತಿಲ್ಲ. ನೀನೂ ಎಲ್ಲರ ಕಡೆ ನೋಡುತ್ತಿದ್ದೆ, ನನ್ನ ಬೆಂಚು ಬಂದಾಗ ಮಾತ್ರ ಕಣ್ಣು ಹಾರಿಸಿ ಕಿಟಕಿಗೆ ಹೋಗುತ್ತಿದ್ದೆ. ಪರವಾಗಿಲ್ಲ, ಬೋರ್ಡಿಗಿಂತ ಕಿಟಕಿ ಮೇಲು ಅಂದುಕೊಂಡೆ.

ಇವತ್ತು ಆ ಕಂಪನಿಯ ಶಾಖೆಗಳ ಲೆಕ್ಕ ಮಾಡುವಾಗ ನನಗೆ ನಿಜವಾಗಿ ಒಂದು ಅನುಮಾನ ಬಂತು. ಕೈ ಎತ್ತಿದೆ. ಎತ್ತಿದ ಮೇಲೆ ಗಾಬರಿಯಾಯಿತು. ಇವನನ್ನು ಏನಂತ ಕರೆಯುವುದು? ಮರಿ ಅನ್ನಲಾಗುತ್ತದೆಯೇ? ಹೆಸರು ಹಿಡಿದು ಕರೆಯಲಾಗುತ್ತದೆಯೇ? ನಾಲಿಗೆಯ ತುದಿಗೆ "ಸರ್" ಅನ್ನುವುದನ್ನು ತಂದುಕೊಂಡೆ. ಇಪ್ಪತ್ತಾರು ವರ್ಷದ ಹಿಂದೆ ನಿನಗೆ ಜೋಗುಳ ಹಾಡಿದ ನಾಲಿಗೆ, ಹೊರಳಲೇ ಇಲ್ಲ.

ಆಗ ನೀನು ನೋಡಿದೆ. ಈ ಸಲ ಕಿಟಕಿಗೆ ಹಾರಲಿಲ್ಲ. ನನ್ನ ಮುಖವನ್ನೇ ನೋಡಿದೆ. ನೀನೂ ಒಂದು ಗಳಿಗೆ ತಡವರಿಸಿದ್ದು ನನಗೆ ಕಂಡಿತು. ಹುಟ್ಟಿದಾಗಿನಿಂದ ನನ್ನನ್ನು "ನೀನು", "ಬಾ", "ಹೋಗು" ಅಂತಲೇ ಅಂದವನು ನೀನು. ಎಲ್ಲರೆದುರು ಹಾಗನ್ನುವಂತಿಲ್ಲ. ಮೇಡಂ ಅನ್ನಲು ನಿನಗೂ ಬಾಯಿ ಬಂದಿರಲಾರದು. ಆಮೇಲೆ ನೀನು ಮೆತ್ತಗೆ ಅಂದೆ:

"ಹೇಳಿ ಅಮ್ಮಾ."

ಯಾರೂ ತಲೆ ಎತ್ತಿ ನೋಡಲಿಲ್ಲ. ವಯಸ್ಸಾದ ಹೆಂಗಸಿಗೆ ಒಳ್ಳೆಯ ಮೇಷ್ಟ್ರು ಕೊಡುವ ಮರ್ಯಾದೆ ಅಂತ ಎಪ್ಪತ್ತು ಜನವೂ ಅಂದುಕೊಂಡರು. ಮುಂದಿನ ಬೆಂಚಿನವಳು ಪಕ್ಕದವಳಿಗೆ, "ಸರ್ ತುಂಬಾ ಡೀಸೆಂಟ್ ಅಲ್ವಾ" ಅಂದಳು. ನನ್ನ ಮಂದ ಕಿವಿಗೂ ಅದು ಸ್ಪಷ್ಟವಾಗಿ ಕೇಳಿಸಿತು.

ಇನ್ನು ನನ್ನ ಕಥೆ. ಕೈ ಯಾಕೆ ಎತ್ತಿದ್ದೆ ಅನ್ನುವುದೇ ತಲೆಯಿಂದ ಹಾರಿಹೋಯಿತು. ಇಡೀ ತರಗತಿ ಕಾಯುತ್ತಿದೆ, ನೀನು ಕಾಯುತ್ತಿದ್ದೀಯ. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. ಶಾಖೆಯ ಲೆಕ್ಕದ ನಡುವೆ ಲಾಂಡ್ರಿಯ ಸೋಪಿನ ಪುಡಿಯ ದಾಸ್ತಾನಿನ ಬಗ್ಗೆ ಕೇಳಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ನೀನು ನಗಲಿಲ್ಲ. "ಒಳ್ಳೆಯ ಪ್ರಶ್ನೆ" ಅಂದು, ಪಾಠ ನಿಲ್ಲಿಸಿ, ಬೋರ್ಡಿಗೆ ಬೆನ್ನು ಹಾಕಿ ನಿಂತು ಆರು ನಿಮಿಷ ಉತ್ತರ ಹೇಳಿದೆ.

ಅಷ್ಟು ಹೊತ್ತೂ ನಾನು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದೆನಲ್ಲ, ನೀನು ನೋಡಿದ್ದೀಯ. ಈಗ ನೋಟ್‌ಬುಕ್ ತೆರೆದು ನೋಡಿದರೆ ಪುಟದ ತುಂಬ ದಿನಾಂಕ ಮಾತ್ರ ಇದೆ, ಏಳು ಸಲ. ಮುಂದಿನ ಶನಿವಾರ ಆ ಉತ್ತರವನ್ನು ಇನ್ನೊಂದು ಸಲ ಹೇಳಬೇಕು, ಸರ್.

ನಿಮ್ಮ ವಿದ್ಯಾರ್ಥಿನಿ,
ಎಡಗಡೆ ಸಾಲು, ಐದನೇ ಬೆಂಚು